4060 ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಆಟದ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ) ಇದ್ದಲ್ಲೇ ಇದೆ. ನಿಮಗೂ ಹೀಗಾಗಿತ್ತಾ?

ಕೇಳಿದವರು, ಕಲಬುರಗಿ:
ಐ5 9400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 450 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಹಳೇ ಕಾರ್ಡ್ 1650 ತೆಗೆದು ಆರ್‌ಟಿಎಕ್ಸ್ 4060 ಹಾಕಿದೆ. ವ್ಯಾಲೊರಂಟ್ ಆಟದಲ್ಲಿ 150 ಇದ್ದದ್ದು 165 ಆಯಿತು, ಅಷ್ಟೇ. ಕಾರ್ಡಿನ ಬಳಕೆ 45% ದಾಟುತ್ತಿಲ್ಲ. ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿದ್ದೇನೆ. ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಿದ್ದೇನೆ, ಅದನ್ನು ಕೇಳಬೇಡಿ. ಅಪ್ಪನ ಹತ್ತಿರ ಇನ್ನೊಮ್ಮೆ ದುಡ್ಡು ಕೇಳೋ ಧೈರ್ಯ ಇಲ್ಲ.

ಬೀದರ್‌ನವರು:
ತಮ್ಮಾ, ಪ್ರೊಸೆಸರ್. ಬೇರೆ ಏನೂ ಅಲ್ಲ. ನನ್ನದು ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಕಾರ್ಡಿಗೆ 29,500 ಕೊಟ್ಟೆ. ಎಫ್‌ಪಿಎಸ್ ಏರಲಿಲ್ಲ ಅಂತ 9,800ಕ್ಕೆ ರೈಜೆನ್ 5600 ತಂದೆ. ಆ ಖುಷಿಯಲ್ಲಿ ಹಳೇ 2600 ಅನ್ನು ಅವತ್ತೇ 3,000ಕ್ಕೆ ಮಾರಿಬಿಟ್ಟೆ. ಅಲ್ಲೇ ಕೆಟ್ಟದ್ದು. ಹೊಸದು ಕೂರಿಸಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು. ಬೋರ್ಡಿನ ಬಯೋಸ್ (ಪಿಸಿ ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಹಳೇದು, ಅದಕ್ಕೆ 5600ರ ಗುರುತೇ ಇಲ್ಲ. ಹಳೇ ಪ್ರೊಸೆಸರ್ ಕೂತಿದ್ದಾಗಲೇ ಅಪ್‌ಡೇಟ್ ಮಾಡಬೇಕಿತ್ತು. ಕೊಂಡವನಿಗೆ ಒಂದು ದಿನದ ಮಟ್ಟಿಗೆ ಕೊಡಪ್ಪಾ ಅಂದರೆ "ಅದು ಭಾಲ್ಕಿಗೆ ಹೋಯಿತು" ಅಂದ. ಬೋರ್ಡನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೈದರಾಬಾದ್ ಬಸ್ ಹತ್ತಿದೆ. ಜಹೀರಾಬಾದ್ ಹತ್ತಿರ ಪಂಚರ್. ಅಪ್‌ಡೇಟ್‌ಗೆ 500, ಬಸ್ಸಿಗೆ ಹೋಗಿಬರಲು 580, ಊಟ 160, ಒಂದು ದಿನದ ರಜೆ. ಈಗ ಕಾರ್ಡ್ 97%ನಲ್ಲಿ ಓಡುತ್ತೆ.

ಯಾದಗಿರಿಯವರು:
ಟವೆಲ್‌ನಲ್ಲಿ ಮದರ್‌ಬೋರ್ಡು! ಇಷ್ಟು ದುಡ್ಡು ಚೆಲ್ಲುವ ಮೊದಲು ಬಯೋಸ್ ಒಳಗೆ ಒಮ್ಮೆ ಇಣುಕಬಾರದಿತ್ತೇನ್ರೀ? ನನಗೂ ಇದೇ ರೋಗ. 3200ರ ರ‍್ಯಾಮ್ ಎರಡು ವರ್ಷ 2133ರಲ್ಲೇ ಓಡಿತ್ತು. ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸೋ ಎಕ್ಸ್‌ಎಂಪಿ ಅನ್ನು ಬಯೋಸ್‌ನಲ್ಲಿ ಆನ್ ಮಾಡಿರಲಿಲ್ಲ. ಮೇಲಾಗಿ ಎರಡೂ ಸ್ಟಿಕ್ ಪಕ್ಕಪಕ್ಕ ಕೂತಿದ್ದವು, ಅಂದರೆ ಡೇಟಾ ಹೋಗೋ ದಾರಿ (ಚಾನೆಲ್) ಒಂದೇ. ಜೋಡಿಸಿಕೊಟ್ಟ ಪುಣ್ಯಾತ್ಮನಿಗೆ 1,000 ಕೂಲಿ ಬೇರೆ ಕೊಟ್ಟಿದ್ದೆ. ಎರಡನೇ, ನಾಲ್ಕನೇ ಸ್ಲಾಟಿಗೆ ಬದಲಾಯಿಸಿದೆ, 95 ಎಫ್‌ಪಿಎಸ್ ಇದ್ದದ್ದು 121. ಖರ್ಚು ಸೊನ್ನೆ. ಅದು ಗೊತ್ತಾಗೋ ಮೊದಲು 4,900 ಕೊಟ್ಟು ಹೊಸ ಎಸ್‌ಎಂಪಿಎಸ್ ತಂದಿದ್ದೆ. ಅದೀಗ ಶಹಾಪುರದಲ್ಲಿ ಅಳಿಯನ ಮನೆಯಲ್ಲಿದೆ. ಆ ಮಾತು ಬೇಡ.

ಬೀದರ್‌ನವರು:
ನಾನು ಎಕ್ಸ್‌ಎಂಪಿ ನೋಡಿಲ್ಲ ಅಂತ ನಿಮಗೆ ಯಾರು ಹೇಳಿದರು? ರೆಸಲ್ಯೂಶನ್ (ಚಿತ್ರದ ಸ್ಪಷ್ಟತೆ) ಇಳಿಸಿಯೂ ನೋಡಿದ್ದೆ. 1080ರಲ್ಲಿ 88, 720ರಲ್ಲಿ 89. ಕಾರ್ಡಿನ ಹೊರೆ ಇಳಿಸಿದರೂ ಎಫ್‌ಪಿಎಸ್ ಏರಲಿಲ್ಲ ಅಂದರೆ ತಡೆ ಪ್ರೊಸೆಸರ್‌ದೇ, ಅಲ್ವಾ? ಸುಮ್ನೆ ಮಾತಾಡಬೇಡಿ.

ಯಾದಗಿರಿಯವರು:
ರ‍್ಯಾಮ್ ನಿಧಾನ ಇದ್ದರೂ ಅದೇ 88, 89 ಬರುತ್ತೆ ಸ್ವಾಮಿ. ಕಾಳೇ ಬರದಿದ್ದರೆ ಗಿರಣಿ ಏನು ಬೀಸುತ್ತೆ?

ಕಲಬುರಗಿ, ದಾಲ್ ಮಿಲ್ ಹಿಂದಿನ ಮನೆಯವರು:
ಇಬ್ಬರೂ ಮೇ ತಿಂಗಳು ಮರೆತಿದ್ದೀರಿ. ನಮ್ಮ ಮನೆಗೆ ಕಿಟಕಿ ಮುಚ್ಚಿದರೂ ತೊಗರಿ ಹೊಟ್ಟಿನ ಧೂಳು ಬರುತ್ತೆ. ಹೊರಗೆ 43 ಡಿಗ್ರಿ. ಆಟ ಹದಿನೈದು ನಿಮಿಷ ಸರಾಗ, ಆಮೇಲೆ ಮುಗ್ಗರಿಸೋದು ಶುರು. ಬಿಸಿ, ವೇಗ ತೋರಿಸೋ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿ ನೋಡಿದೆ. ಪ್ರೊಸೆಸರ್ 100 ಡಿಗ್ರಿ ಮುಟ್ಟಿ, 4 ಗಿಗಾಹರ್ಟ್ಸ್‌ನಿಂದ 2.9ಕ್ಕೆ ತಾನೇ ಇಳಿಯುತ್ತಿತ್ತು. ಪ್ರೊಸೆಸರ್ ಮೇಲೆ ಹಚ್ಚೋ ಥರ್ಮಲ್ ಪೇಸ್ಟ್ 350, ಬ್ರಷ್ 40. ಇಲ್ಲಿಗೆ ಮುಗಿಯಬೇಕಿತ್ತು. ಹೀಟ್‌ಸಿಂಕ್ ಬಿಚ್ಚುವಾಗ ಪಿನ್ ಮುರಿಯಿತು, ಹೊಸದಕ್ಕೆ 1,650. ಈಗ ರೂಮಿನ ನೀರಿನ ಕೂಲರನ್ನೇ ಕ್ಯಾಬಿನೆಟ್ ಕಡೆ ತಿರುಗಿಸಿಟ್ಟಿದ್ದೇನೆ. ಭಾಳ ಚೆನ್ನಾಗಿದೆ.

ಬೀದರ್‌ನವರು:
ಒದ್ದೆ ಗಾಳಿ, ಮೇಲೆ ತೊಗರಿ ಧೂಳು. ಕ್ಯಾಬಿನೆಟ್‌ನಲ್ಲಿ ಹಿಟ್ಟು ಕಲಸುತ್ತಿದ್ದೀರಾ? ತುಕ್ಕು ಹಿಡಿದ ಮೇಲೆ ಹೇಳಿ.

ದಾಲ್ ಮಿಲ್ ಹಿಂದಿನವರು:
ಎರಡು ಬೇಸಿಗೆ ಕಳೆದಿದೆ, ಎಲ್ಲೂ ತುಕ್ಕಿಲ್ಲ. ಎತ್ತರದಲ್ಲಿ ತಣ್ಣಗೆ ಕೂತವರಿಗೆ ನಮ್ಮ ಸೆಖೆ ಏನು ಗೊತ್ತು?

ಬೀದರ್‌ನವರು:
ನಮ್ಮಲ್ಲೂ 40 ದಾಟುತ್ತೆ. ಏಪ್ರಿಲ್‌ನಲ್ಲಿ ಬಂದು ನೋಡ್ರಿ.

ಕೇಳಿದವರು:
ನನ್ನದು 720ರಲ್ಲಿ 167. ಪ್ರೊಸೆಸರ್ 71 ಡಿಗ್ರಿ, ಹಾಗಾಗಿ ಬಿಸಿ ಅಲ್ಲ ಅನಿಸುತ್ತೆ. ಟಾಸ್ಕ್ ಮ್ಯಾನೇಜರ್ ಒಟ್ಟು 60% ತೋರಿಸುತ್ತೆ. ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದು 100ಕ್ಕೆ ಹೋಗಿ ನಿಂತಿದೆ. ಸೂಪರ್ ಮಾರ್ಕೆಟ್ ಕಡೆ ಇನ್ನೊಂದು ರ‍್ಯಾಮ್ ಸ್ಟಿಕ್ ಸಿಗುತ್ತಂತೆ. ತರಲಾ? 450 ವಾಟ್ ಸಾಕಾ?

ಯಾದಗಿರಿಯವರು:
ತನ್ನಿ. 4060 ಎಳೆಯೋದು 115 ವಾಟ್. ಕಂಪನಿ 550ರ ಎಸ್‌ಎಂಪಿಎಸ್ ಅನ್ನುತ್ತೆ, ಒಳ್ಳೆಯದಾದರೆ 450 ನಡೆಯುತ್ತೆ. ನನ್ನ ಹಾಗೆ ಓಡಬೇಡಿ.

ಬೀದರ್‌ನವರು:
ತರಲಿ ಬಿಡಿ. 9400ಎಫ್‌ಗೆ ಇರೋದು ಆರು ಕೋರ್, ಆರೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಸ್ವಲ್ಪ ಏರುತ್ತೆ, ಆಮೇಲೆ ನನ್ನ ದಾರಿಗೇ ಬರ್ತೀಯಾ ತಮ್ಮಾ.

ದಾಲ್ ಮಿಲ್ ಹಿಂದಿನವರು:
ಅದಿರಲಿ, ಹಳೇ 1650 ಮಾರ್ತೀಯಾ? ತಂಗಿಯ ಪಿಸಿಗೆ ಬೇಕಿತ್ತು.

ಕೇಳಿದವರು:
5,500 ಅಕ್ಕಾ/ಅಣ್ಣಾ. ಟವೆಲ್ ತರಬೇಡಿ, ಡಬ್ಬಿ ಇದೆ.