ಚಾರಣ ರದ್ದಾಯ್ತು, ರಜೆ ಉಳೀತು: ಬೆಟ್ಟದ ಊರಲ್ಲಿ ಏನು ಮಾಡೋದು?

ಕೇಳಿದವರು:
ಶಿಖರ ಹತ್ತಬೇಕು ಅಂತಲೇ ಇಲ್ಲಿಗೆ ಬಂದಿದ್ದೆವು. ಮಳೆಗೆ ಮೇಲಿನ ರಸ್ತೆ ಕುಸಿದು ಚಾರಣ ರದ್ದಾಗಿದೆ. ವಾಪಸ್ ಟಿಕೆಟ್ ಇರುವುದು ವಾರದ ಕೊನೆಗೆ. ಜೊತೆಗೆ ಅಮ್ಮ ಮತ್ತು ಪುಟ್ಟ ಮಗಳು ಇದ್ದಾರೆ. ಊರು ಸುಮಾರು 2,600 ಮೀಟರ್ ಎತ್ತರದಲ್ಲಿದೆ. ರೂಮಲ್ಲಿ ಕೂತು ಮೊಬೈಲ್ ತಿರುವಿ ಸಾಕಾಗಿದೆ. ಹೀಗೆ ಸಿಕ್ಕಿಹಾಕಿಕೊಂಡವರು ಏನು ಮಾಡಿದಿರಿ?

ಚಾರಣದ ಹುಚ್ಚಿರುವವರೊಬ್ಬರು:
ಬದಲಿ ಶಿಖರ ಹುಡುಕಲು ಹೋಗಬೇಡಿ. ಅದೂ ಅದೇ ಮಳೆಯಲ್ಲಿ ನೆಂದಿರುತ್ತದೆ. ದಿನವನ್ನು ಬೆಟ್ಟದ ಗಡಿಯಾರಕ್ಕೆ ಹೊಂದಿಸಿಕೊಳ್ಳಿ, ಅರ್ಧ ಬೇಜಾರು ಅಲ್ಲೇ ಹೋಗುತ್ತದೆ. ಬೆಟ್ಟದಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ. ಬಿಸಿಲಿಗೆ ಇಳಿಜಾರು ಕಾಯುತ್ತದೆ, ಕಣಿವೆಯ ತೇವದ ಗಾಳಿ ಮೇಲೇರುತ್ತದೆ, ಮೇಲೆ ಹೋಗಿ ತಣ್ಣಗಾಗಿ ಮೋಡವಾಗುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಎದ್ದು, ನಡೆಯುವುದು, ನೋಡುವುದು, ಫೋಟೋ ತೆಗೆಯುವುದು ಎಲ್ಲ ಹನ್ನೊಂದರೊಳಗೆ ಮುಗಿಸಿ. ಎಷ್ಟೋ ಜನ ಒಂಬತ್ತಕ್ಕೆ ಎದ್ದು, ಹತ್ತೂವರೆಗೆ ಹೊರಟು, ಬರೀ ಮಂಜು ನೋಡಿ ಬಂದು ಊರನ್ನೇ ಬೈಯುತ್ತಾರೆ!

ರಾತ್ರಿಯಿಡೀ ಮಳೆ ಸುರಿದು ಬೆಳಗ್ಗೆ ನಿಂತಿದೆಯಾ? ಆ ದಿನ ಬಿಡಲೇಬೇಡಿ. ಧೂಳೆಲ್ಲ ತೊಳೆದು ಹೋಗಿರುವುದರಿಂದ ದೂರದ ಸಾಲುಗಳು ಚೂಪಾಗಿ ಕಾಣುತ್ತವೆ. ಕಣಿವೆಯಲ್ಲಿ ಮಂಜು ತುಂಬಿದ್ದರೆ ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ. ತಣ್ಣನೆ ಗಾಳಿ ಭಾರ, ರಾತ್ರಿ ತಗ್ಗಿಗೆ ಇಳಿದು ಕೂತಿರುತ್ತದೆ. ಅದರ ಮೇಲಕ್ಕೆ ಬಂದರೆ ಬಿಸಿಲು, ಮೋಡ ನಿಮ್ಮ ಕಾಲ ಕೆಳಗೆ. ಚಾರಣದಲ್ಲಿ ಜನ ಹುಡುಕುವ ನೋಟ ಇದೇ ಅಲ್ವಾ?

ಗುಡುಗು ಕೇಳಿದರೆ ಮಾತ್ರ ವಾದ ಬೇಡ. ಸೀದಾ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ.

ವಯಸ್ಸಾದವರ ಜೊತೆ ಹೋಗಿದ್ದವರು:
ನಿಮಗೆ ಬೇಸರ, ಆದರೆ ನಿಮ್ಮ ಅಮ್ಮನ ಮಟ್ಟಿಗೆ ಇದು ಒಳ್ಳೆಯದೇ ಆಯಿತು ಅನ್ನುತ್ತೇನೆ. 2,500 ಮೀಟರ್ ದಾಟಿದ ಮೇಲೆ ಎತ್ತರದ ತೊಂದರೆ ಯಾರಿಗೆ ಬೇಕಾದರೂ ಬರಬಹುದು. ಅವಸರವಾಗಿ ಮೇಲೇರಿದವರಿಗೆ ಜಾಸ್ತಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಇನ್ನೂ ಮೇಲೆ ಹೋಗುವ ಮಾತೇ ಬೇಡ. ವಿಶ್ರಾಂತಿಯಲ್ಲೂ ಹೆಚ್ಚಾಗುತ್ತಿದ್ದರೆ ಕೆಳಗೆ ಇಳಿಯಲೇಬೇಕು. ನಡೆಯುವಾಗ ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಅಮ್ಮನಿಗೆ ನಾವು ಇಟ್ಟುಕೊಂಡ ಲೆಕ್ಕ ಇಷ್ಟೇ: ಬೆಳಗ್ಗೆ ಒಂದು ಸಣ್ಣ ಸುತ್ತು, ಮಧ್ಯಾಹ್ನ ನಿದ್ದೆ, ಸಂಜೆ ಒಂದು ಬೆಂಚು. ಮಾತಾಡುತ್ತಾ ನಡೆಯಲು ಆಗುವ ವೇಗವೇ ಸರಿಯಾದ ವೇಗ. ಮೋಡ ಇದೆ ಅಂತ ಮಗಳಿಗೆ ಸನ್‌ಸ್ಕ್ರೀನ್ ಹಚ್ಚುವುದು ಬಿಡಬೇಡಿ. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣಗಳು ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತವೆ. ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಲೆಕ್ಕಾಚಾರದವರು:
ಸುತ್ತಾಟ ಆಮೇಲೆ, ಮೊದಲು ದುಡ್ಡಿನ ವಿಷಯ. ಚಾರಣದವರು ರದ್ದು ಮಾಡಿದರೋ, ನೀವೇ ಮಾಡಿದಿರೋ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಬೇಸರದಲ್ಲಿ ನೀವೇ ಮೊದಲು ‘ಕ್ಯಾನ್ಸಲ್’ ಒತ್ತಿದರೆ ಶುಲ್ಕ ನಿಮ್ಮ ತಲೆಗೆ ಬರಬಹುದು. ಅವರ ಬಾಯಿಂದ, ಅದೂ ಬರಹದಲ್ಲಿ ಬರಲಿ. ರಸ್ತೆ ಮುಚ್ಚಿದ ಪ್ರಕಟಣೆಯ ಸ್ಕ್ರೀನ್‌ಶಾಟ್, ಹೆಚ್ಚುವರಿ ರಾತ್ರಿಗಳ ಬಿಲ್ ಎತ್ತಿಟ್ಟುಕೊಳ್ಳಿ. ಪ್ರಯಾಣ ವಿಮೆ ಇದ್ದರೆ ಇವನ್ನೇ ಕೇಳುತ್ತಾರೆ. ಪೂರ್ತಿ ಹಣ ಕೊಡಲ್ಲ ಅಂದರೆ ದಿನಾಂಕ ಬದಲಿಸಿ ಕೊಡಿ ಅಂತ ಕೇಳಿ, ಅದಕ್ಕೆ ಬೇಗ ಒಪ್ಪುತ್ತಾರೆ.

ಇದಕ್ಕೆ ಒಪ್ಪದವರು:
ಇಷ್ಟೆಲ್ಲ ಯಾಕೆ? ಕೆಳಗಿನ ರಸ್ತೆ ಚೆನ್ನಾಗಿದ್ದರೆ ಇಳಿದುಬಿಡಿ. ಪ್ರತಿ 1,000 ಮೀಟರ್ ಇಳಿದಂತೆ ಸುಮಾರು 6.5 ಡಿಗ್ರಿ ಬೆಚ್ಚಗಾಗುತ್ತದೆ. ಅಮ್ಮನೂ ಉಸಿರಾಡುತ್ತಾರೆ, ಮಗಳೂ ಆಡುತ್ತಾಳೆ. ಜಲಪಾತಗಳಿಗೆ ಮಳೆಗಾಲಕ್ಕಿಂತ ಒಳ್ಳೆಯ ಕಾಲ ಇಲ್ಲ. ದೂರದಿಂದ ನೋಡಿ ಸಾಕು, ನೀರಿಗೆ ಇಳಿಯಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ನಿಮಿಷಗಳಲ್ಲಿ ಹೊಳೆ ಏರಿಸುತ್ತದೆ. ಹಿಮನದಿಯಿಂದ ಬರುವ ತೊರೆಗಳಾದರೆ ಮಳೆ ಇಲ್ಲದ ದಿನವೂ ಮಧ್ಯಾಹ್ನ ಏರುತ್ತವೆ, ಬಿಸಿಲಿಗೆ ಕರಗಿದ ನೀರು ಅದು.

ಮಕ್ಕಳ ಜೊತೆ ತಿರುಗುವವರು:
ಮಗಳಿಗೆ ಶಿಖರ ತಪ್ಪಿದ ದುಃಖವೇನೂ ಇರಲ್ಲ, ಅದು ನಿಮ್ಮದು. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಎತ್ತರದಲ್ಲಿ ಗಟ್ಟಿಯಾಗಿ ಮುಚ್ಚಿ ಬ್ಯಾಗಿಗೆ ಹಾಕಿ. ಕೆಳಗೆ ಇಳಿದಾಗ ಅದು ಸೊಟ್ಟಗಾಗಿರುತ್ತದೆ. ಗಾಳಿಯ ಒತ್ತಡ ಅಂದರೇನು ಅಂತ ಪಾಠ ಮಾಡಬೇಕಿಲ್ಲ. ಮಳೆ ನಿಂತ ಕೂಡಲೇ ಹಕ್ಕಿಗಳು ಹೊರಬೀಳುತ್ತವೆ, ಆಗ ಬಾಲ್ಕನಿಯೇ ಸಾಕು. ಚಂದ್ರ ಇಲ್ಲದ, ಮೋಡ ಸರಿದ ರಾತ್ರಿ ಸಿಕ್ಕರೆ ದೀಪಗಳಿಂದ ದೂರ ನಿಂತು 20 ನಿಮಿಷ ಮೊಬೈಲ್ ಮುಟ್ಟಬೇಡಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ನಕ್ಷತ್ರ ಎಣಿಸುವ ಕೆಲಸ ಅವಳಿಗೆ ಬಿಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನಾಳೆ ಐದಕ್ಕೆ ಅಲಾರಂ ಇಟ್ಟಿದ್ದೇನೆ. ಇನ್ನೊಂದೇ ಪ್ರಶ್ನೆ: ನಡುವೆ ಮೇಲಿನ ರಸ್ತೆ ತೆರೆದರೆ ಹೋಗಿಬಿಡಲೇ?

ಚಾರಣದ ಹುಚ್ಚಿರುವವರು:
ತೆರೆದ ದಿನವೇ ಬೇಡ. ಮಳೆ ನಿಂತ ಮೇಲೂ ನೆನೆದ ಇಳಿಜಾರಿನಿಂದ ಕಲ್ಲು ಉರುಳುತ್ತಲೇ ಇರುತ್ತವೆ. ಎರಡು ಒಣ ದಿನ ಹೋಗಲಿ. ಆಮೇಲೆ ಆ ದಾರಿಯಲ್ಲಿ ದಿನಾ ಗಾಡಿ ಓಡಿಸುವ ಚಾಲಕರನ್ನು ಕೇಳಿ, ಅವರು ಹೋಗುತ್ತಿದ್ದರೆ ಹೋಗಿ. ವಾಪಸ್ ಟಿಕೆಟ್‌ಗೆ ಮುಂಚೆ ಒಂದು ಖಾಲಿ ದಿನ ಉಳಿಯುವಂತಿದ್ದರೆ ಮಾತ್ರ.