ಎತ್ತರದ ರೈಡರ್‌ಗೆ ಬ್ಯಾಕ್ ಸ್ಕ್ವಾಟ್ ಒಗ್ತಿಲ್ಲ, ಸೊಂಟ ನೋವು ಅಂತಾನೆ, ಏನ್ ಮಾಡ್ಸ್ಲಿ?

ಕಬಡ್ಡಿ_ಮಂಡ್ಯ:
ಎಲ್ರಿಗೂ ನಮಸ್ಕಾರ. ನಮ್ಮೂರ ಕಬಡ್ಡಿ ಹುಡುಗ್ರಿಗೆ ನಾನೇ ಜಿಮ್ ಮಾಡಿಸ್ತೀನಿ, ಕೋರ್ಸ್ ಗೀರ್ಸ್ ಮಾಡ್ದೋನಲ್ಲ, ಆಡಿ ಬಂದೋನು. ಕಾರ್ನರ್‌ನಲ್ಲಿ ಆಡೋನು 5 ಅಡಿ 6 ಇಂಚು, ಬಾರ್ ಬೆನ್ನ ಮೇಲ್ಭಾಗದಲ್ಲಿ ಹೊತ್ಕೊಂಡು 110 ಕೆಜಿ ಬ್ಯಾಕ್ ಸ್ಕ್ವಾಟ್ ಆರಾಮಾಗಿ ಕೂತು ಏಳ್ತಾನೆ. ರೈಡರ್ 6 ಅಡಿ 1 ಇಂಚು, ತೊಡೆ ಉದ್ದ, 70 ಹಾಕಿದ್ರೆ ಸಾಕು ಎದೆ ಮುಂದಕ್ಕೆ ಬೀಳುತ್ತೆ, ಏಳೋವಾಗ ಸೊಂಟ ಮೊದ್ಲು ಮೇಲ್ ಬರುತ್ತೆ, ಮಾರನೇ ದಿನ ಸೊಂಟ ಹಿಡ್ಕೊಂಡಿದೆ ಅಂತಾನೆ. ಮೂರು ತಿಂಗಳಿಂದ ಎದೆ ಎತ್ತೋ ಎದೆ ಎತ್ತೋ ಅಂತ ಹೇಳ್ತಾನೇ ಇದೀನಿ. ಅವ್ನು ಸೋಮಾರಿ ಅಲ್ಲ, ಅದೇ ನನಗೆ ಬೇಜಾರು.

ದಿನಾ_ಬಸ್ಕಿ:
ಹೊಟ್ಟೆ ವೀಕ್ ಇರ್ಬೇಕು ಅಣ್ಣ, ಪ್ಲ್ಯಾಂಕ್ ಹಾಕ್ಸಿ.

ಬಾರ್ಬೆಲ್_ಮೈಸೂರು:
ಪ್ಲ್ಯಾಂಕ್ ಮಾಡ್ಸಿ, ಬೇಡ ಅನ್ನಲ್ಲ, ಆದ್ರೆ ಇದು ಮೂಳೆ ಉದ್ದದ ಲೆಕ್ಕ ಇದ್ದಂಗಿದೆ. ಬಾರ್ ಪಾದದ ಮಧ್ಯದ ಮೇಲೇ ಇರ್ಬೇಕು, ಇಲ್ಲಾಂದ್ರೆ ಬಿದ್ದೋಗ್ತೀವಿ. ತೊಡೆ ಉದ್ದ ಇದ್ದೋನು ಕೂತಾಗ ಕುಂಡಿ ಜಾಸ್ತಿ ಹಿಂದಕ್ಕೆ ಹೋಗುತ್ತೆ, ಅದನ್ನ ಸರಿದೂಗ್ಸೋಕೆ ಎದೆ ಮುಂದಕ್ಕೆ ಬರ್ಲೇಬೇಕು, ಎಷ್ಟು ಕೂಗಿದ್ರೂ ಅಷ್ಟೇ. ಮುಂದಕ್ಕೆ ಬಾಗೋದೇ ತಪ್ಪಲ್ಲ, ಆ ಬಾಗಿಗೆ ಅವನ ಬೆನ್ನು ತಡೆಯೋಕಾಗ್ದಿರೋ ತೂಕ ಹಾಕೋದು ತಪ್ಪು.

ಮೊದ್ಲು ಎರಡು ಟೆಸ್ಟ್ ಮಾಡಿ. ಖಾಲಿ ಬಾರ್ ಕೊಟ್ಟು ಹಿಮ್ಮಡಿ ಕೆಳಗೆ 2.5 ಕೆಜಿ ಪ್ಲೇಟ್ ಇಟ್ಟು ಕೂರ್ಸಿ, ತಕ್ಷಣ ನೆಟ್ಟಗಾದ್ರೆ ಪಾದದ ಕೀಲು ಬಿಗಿ ಇದೆ ಅಂತ. ಇನ್ನೊಂದು, ಗೋಡೆಗೆ ಮುಖ ಮಾಡಿ ನಿಂತು ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗ್ಸ್ಬೇಕು, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇಡೋಕಾಗುತ್ತೆ ಟೇಪಲ್ಲಿ ಅಳೀರಿ, ಎರಡೂ ಕಾಲಿಗೆ. ಸುಮಾರು 10 ಸೆಂಟಿಮೀಟರ್ ಬಂದ್ರೆ ಚೆನ್ನಾಗಿದೆ. ನೋವು ಕಾಲಿಗೆ ಇಳಿತಿದ್ರೆ, ಜೋಮು ಹಿಡಿತಿದ್ರೆ ಇದೆಲ್ಲ ಬಿಟ್ಟು ಫಿಸಿಯೋ ಹತ್ರ ಕರ್ಕೊಂಡ್ ಹೋಗಿ.

ಅಂದಂಗೆ ಗರಡಿ ಬಸ್ಕಿ ನೋಡಿ, ಕೂರೋವಾಗ ಹಿಮ್ಮಡಿ ಮೇಲೇಳುತ್ತೆ, ಮಂಡಿ ಮುಂದಕ್ಕೆ ಹೋಗುತ್ತೆ, ಅದಕ್ಕೇ ಬೆನ್ನು ನೆಟ್ಟಗಿರುತ್ತೆ. ಪ್ಲೇಟ್ ಇಡೋದೂ ಅದೇ ಕೆಲಸ.

ಕಬಡ್ಡಿ_ಮಂಡ್ಯ:
ಸರ್ ಮಾಡ್ಸಿದೆ. ನೋವು ಸೊಂಟದಲ್ಲೇ ಇದೆ, ಕಾಲಿಗೆ ಇಳ್ದಿಲ್ಲ. ಪ್ಲೇಟ್ ಇಟ್ರೆ ಸ್ವಲ್ಪ ನೆಟ್ಟಗಾಗ್ತಾನೆ, ಪೂರ್ತಿ ಇಲ್ಲ. ಗೋಡೆ ಟೆಸ್ಟಲ್ಲಿ ಬಲಗಾಲು 11, ಎಡಗಾಲು ಬರೀ 5! ಹೋದ ವರ್ಷ ಎಡಗಾಲು ಉಳುಕಿತ್ತು, ಊತ ಇಳೀತು ಅಂತ ಆಡ್ಸ್ಬಿಟ್ಟಿದ್ವಿ.

ಬಾರ್ಬೆಲ್_ಮೈಸೂರು:
ಹಂಗಾದ್ರೆ ತೊಡೆ ಉದ್ದದ ಲೆಕ್ಕಾನೂ ಇದೆ, ಎಡಗಾಲಿನ ಕೀಲು ಬಿಗೀನೂ ಇದೆ. ಎಡಗಾಲಿಗೆ ಆ ಗೋಡೆ ಟೆಸ್ಟನ್ನೇ ವ್ಯಾಯಾಮ ಮಾಡಿ, ದಿನಾ 15 ಸಲ ಎರಡು ಸೆಟ್, ಜೊತೆಗೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳ್ಸೋದು. ಬ್ಯಾಕ್ ಸ್ಕ್ವಾಟ್ ಸದ್ಯಕ್ಕೆ ನಿಲ್ಸಿ. ಎದೆ ಹತ್ರ ಡಂಬೆಲ್ ಹಿಡ್ಕೊಂಡು ಗಾಬ್ಲೆಟ್ ಸ್ಕ್ವಾಟ್, ನೋವಿಲ್ದೆ ಕೂತ್ರೆ ಹಿಮ್ಮಡಿಗೆ ಪ್ಲೇಟ್ ಇಟ್ಟು ಫ್ರಂಟ್ ಸ್ಕ್ವಾಟ್, ಅಂದ್ರೆ ಬಾರ್ ಕತ್ತಿನ ಮುಂದೆ ಹೆಗಲ ಮೇಲೆ ಇಟ್ಕೊಂಡು ಕೂರೋದು. ಮಣಿಕಟ್ಟು ಬಗ್ಗಲ್ಲ ಅಂದ್ರೆ ಬಾರ್‌ಗೆ ಸ್ಟ್ರ್ಯಾಪ್ ಸುತ್ತಿ ಅದನ್ನ ಹಿಡ್ಕೊಳ್ಳಲಿ. ಅದರಲ್ಲಿ ಎದೆ ಬಿದ್ರೆ ಬಾರೇ ಜಾರುತ್ತೆ, ನೀವು ಕೂಗ್ಬೇಕಾಗಿಲ್ಲ.

ಅದಕ್ಕಿಂತ ಮುಖ್ಯ ಅನ್ಸೋದು, ಹಿಂಗಾಲು ಬೆಂಚ್ ಮೇಲಿಟ್ಟು ಮಾಡೋ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್. ರೈಡರ್ ಬೋನಸ್ ತಗೊಂಡು ವಾಪಸ್ ಬರೋದು ಒಂದೇ ಕಾಲಲ್ಲಿ ಒತ್ತಿ ತಾನೆ? ಎಡಗಾಲಿಂದ ಶುರು ಮಾಡ್ಸಿ, ಅದೆಷ್ಟು ರೆಪ್ಸ್ ಮಾಡುತ್ತೋ ಬಲಗಾಲಿಗೂ ಅಷ್ಟೇ. ಪಕ್ಕಕ್ಕೆ ದೊಡ್ಡ ಹೆಜ್ಜೆ ಇಟ್ಟು ಒಂದು ಮಂಡಿ ಬಗ್ಗಿಸೋ ಲಂಜ್ ಕೂಡ ಸೇರ್ಸಿ.

ಕಾರ್ನರ್ ಹುಡುಗನಿಗೆ ಏನೂ ಬದಲಾಯಿಸ್ಬೇಡಿ, ರೈಡರ್ ಕಾಲು ಹಿಡಿಯೋ ಆ್ಯಂಕಲ್ ಹೋಲ್ಡ್‌ಗೆ ತಗ್ಗಿ ಕೂರೋನಿಗೆ ಆಳದ ಬ್ಯಾಕ್ ಸ್ಕ್ವಾಟ್ ಚೆನ್ನಾಗೇ ಕೂಡುತ್ತೆ.

ಕಬಡ್ಡಿ_ಮಂಡ್ಯ:
ಇವತ್ತು ಗಾಬ್ಲೆಟ್ 20 ಕೆಜಿ ಮಾಡ್ದ ಸರ್, ನೋವಿಲ್ಲ ಅಂದ. ನಾಲ್ಕು ವಾರ ಆದ್ಮೇಲೆ ಎಡಗಾಲು ಮತ್ತೆ ಅಳೆದು ಇಲ್ಲೇ ಹಾಕ್ತೀನಿ.