ಎಂ.ಡಿ. ಭಾಷಣ ಬರೆಯುವವನಿಗೆ ವಿದೇಶದ ಕಂಪನಿ ವೀಸಾ ಕೊಡಿಸುತ್ತದೆಯೇ? (ಪ್ರಶ್ನೋತ್ತರ)

ಪ್ರಶ್ನೆ (ಧಾರವಾಡದಿಂದ)

ಮೇಡಂ, ನಮಸ್ಕಾರ. ನೀವು ಬೆಂಗಳೂರು ಮತ್ತು ಲಂಡನ್‌ನಲ್ಲಿ ಎಕ್ಸಿಕ್ಯೂಟಿವ್ ಕಮ್ಯುನಿಕೇಷನ್ಸ್, ಅಂದರೆ ಕಂಪನಿ ಮುಖ್ಯಸ್ಥರ ಪರವಾಗಿ ಬರೆಯುವ, ವಿಭಾಗದಲ್ಲಿದ್ದು ಈಗ ಹುಬ್ಬಳ್ಳಿಯಿಂದಲೇ ಕೆಲಸ ಮಾಡುತ್ತಿದ್ದೀರಿ ಎಂದು ಗುಂಪಿನ ಅಡ್ಮಿನ್ ತಿಳಿಸಿದರು. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ. ಮುಗಿಸಿ, ಕೆಲವು ವರ್ಷ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಈಗ ಇಲ್ಲಿನ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಎಂ.ಡಿ. ಅವರ ಭಾಷಣ, ನೌಕರರಿಗೆ ಬರೆಯುವ ಪತ್ರ, ಲಿಂಕ್ಡ್‌ಇನ್ ಬರಹ ಎಲ್ಲವೂ ನನ್ನದೇ. ರಾಜ್ಯೋತ್ಸವದ ಭಾಷಣ ಕನ್ನಡದಲ್ಲಿ, ಹೂಡಿಕೆದಾರರ ಸಭೆಯದು ಇಂಗ್ಲಿಷ್‌ನಲ್ಲಿ. ಮದುವೆಯಾಗಿದೆ, ಎರಡು ವರ್ಷದ ಮಗನಿದ್ದಾನೆ.

ಇಂತಹ ಕೆಲಸಕ್ಕೆ ಹೊರದೇಶದ ಕಂಪನಿಗಳು ತಾವೇ ವೀಸಾ ಮಾಡಿಸಿ ಕರೆಸಿಕೊಳ್ಳುವುದು ನಿಜವೇ, ಇಲ್ಲ ಅದು ಸಾಫ್ಟ್‌ವೇರ್‌ನವರ ಭಾಗ್ಯ ಮಾತ್ರವೇ? ನಾನು ಬರೆದ ಯಾವುದರ ಮೇಲೂ ನನ್ನ ಹೆಸರಿಲ್ಲ. ಸಂದರ್ಶನದಲ್ಲಿ ಏನನ್ನು ತೋರಿಸಲಿ?

ಉತ್ತರ

ನಮಸ್ಕಾರ. ಕರೆಸಿಕೊಳ್ಳುತ್ತಾರೆ, ಆದರೆ ಅಪರೂಪಕ್ಕೆ. ಆ ಅಪರೂಪದ ಕಾರಣ ಗೊತ್ತಿದ್ದರೆ ನಿಮ್ಮ ಅರ್ಜಿಗಳು ದಿಕ್ಕು ತಪ್ಪುವುದಿಲ್ಲ.

ಲಂಡನ್ನಿನ ಎಚ್.ಆರ್. ಮುಂದೆ ನಿಮ್ಮ ಕಡತ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ: "ಇಂಗ್ಲಿಷ್ ಬರೆಯುವವರು ನಮ್ಮ ಊರಿನಲ್ಲಿ ಸಿಗುವುದಿಲ್ಲವೇ?" ಸಿಗುತ್ತಾರೆ, ಬೇಕಾದಷ್ಟು ಸಿಗುತ್ತಾರೆ. ಹಾಗಾಗಿ ಜಾಹೀರಾತು ನೋಡಿ ಅರ್ಜಿ ಹಾಕಿದ ಅಪರಿಚಿತ ಬರಹಗಾರನಿಗೆ ಸ್ಪಾನ್ಸರ್ ಆಗುವ, ಅಂದರೆ ವೀಸಾದ ಹೊಣೆ ಹೊರುವ, ಕಂಪನಿ ಬಹಳ ಕಡಿಮೆ. ಆದರೆ ಅಲ್ಲಿನ ಒಬ್ಬ ಮುಖ್ಯಸ್ಥೆ, ನೀವು ಬೆಂಗಳೂರಿನಲ್ಲಿ ಕುಳಿತು ಬರೆದ ಕರಡುಗಳನ್ನು ಎರಡು ವರ್ಷ ಓದಿದ್ದಾರೆ, ತಮಗೆ ಬಾಯಿಗೆ ಬರುವ ಮಾತು ಯಾವುದು, ಬಾರದ ಮಾತು ಯಾವುದು ಎಂಬುದು ನಿಮಗೆ ಗೊತ್ತಿದೆ ಎಂದು ಅವರಿಗೆ ಖಾತ್ರಿಯಾಗಿದೆ ಎಂದುಕೊಳ್ಳಿ. ಆಗ ಎಚ್.ಆರ್. ಪ್ರಶ್ನೆಗೆ ಉತ್ತರ ಕೊಡುವವರು ಅವರೇ. ನಾನು ಲಂಡನ್‌ಗೆ ಹೋದದ್ದು ಹೀಗೆಯೇ. ನನ್ನ ಪರಿಚಯದಲ್ಲಿ ಹೋದ ಬಹುತೇಕರು ಕೂಡ ಬೆಂಗಳೂರಿನ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಂದ, ಅಂದರೆ ಜಿಸಿಸಿಗಳಿಂದ (ವಿದೇಶಿ ಕಂಪನಿಗಳು ಇಲ್ಲಿ ನಡೆಸುವ ತಮ್ಮದೇ ಕಚೇರಿಗಳು), ವರ್ಗವಾಗಿ ಹೋದವರು. ಆದ್ದರಿಂದ ಧಾರವಾಡದಿಂದ ನೇರವಾಗಿ ಲಂಡನ್‌ಗೆ ಅರ್ಜಿ ಹಾಕುವುದಕ್ಕಿಂತ ಮೊದಲು ಬೆಂಗಳೂರಿನ ಜಿಸಿಸಿಯೊಂದಕ್ಕೆ ಸೇರಿ ಎನ್ನುವುದು ನನ್ನ ಸಲಹೆ. ಬೆಳಿಗ್ಗೆ ಇಲ್ಲಿ ರೈಲು ಹತ್ತಿ, ಮಧ್ಯಾಹ್ನ ಅಲ್ಲಿ ಸಂದರ್ಶನ ಕೊಡುವಷ್ಟು ಹತ್ತಿರವಿದೆ.

ಈಗ ದೇಶಗಳ ಮಾತು.

ಬ್ರಿಟನ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ನಮ್ಮ ಕೆಲಸ ಸೇರುವುದು ಸಾರ್ವಜನಿಕ ಸಂಪರ್ಕ ವೃತ್ತಿಪರರ ಗುಂಪಿಗೆ, ಸಂಕೇತ ಸಂಖ್ಯೆ 2493. 2025ರ ಜುಲೈ 22ರಿಂದ ಸಾಮಾನ್ಯ ವೇತನ ಮಿತಿ ವರ್ಷಕ್ಕೆ 41,700 ಪೌಂಡ್ ಆಗಿದೆ. ಆ ಸಂಕೇತಕ್ಕೆ ನಿಗದಿಯಾದ ದರ ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ಕೊಡಬೇಕು. 2024ರ ಏಪ್ರಿಲ್‌ಗೆ ಮುಂಚೆ ಈ ಮಿತಿ 26,200 ಪೌಂಡ್ ಇತ್ತು. ಕಿರಿಯ ಹುದ್ದೆಗಳ ಬಾಗಿಲು ಏಕೆ ಮುಚ್ಚಿತು ಎನ್ನುವುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ. ಇಂಗ್ಲಿಷ್ ಮಟ್ಟವನ್ನೂ 2026ರ ಜನವರಿ 8ರಿಂದ ಬಿ1 (ಮಧ್ಯಮ) ಹಂತದಿಂದ ಅದರ ಮೇಲಿನ ಬಿ2ಕ್ಕೆ ಏರಿಸಿದ್ದಾರೆ. ನಿಮಗೆ ಅದು ಕಷ್ಟವಾಗದು.

ಒಂದೇ ಕಂಪನಿಯೊಳಗೆ ವರ್ಗವಾಗಿ ಹೋಗುವವರಿಗೆ ಅಲ್ಲಿ ಬೇರೊಂದು ವೀಸಾ ಇದೆ, ಸೀನಿಯರ್ ಆರ್ ಸ್ಪೆಷಲಿಸ್ಟ್ ವರ್ಕರ್ ಎಂದು. ಅದಕ್ಕೆ 52,500 ಪೌಂಡ್ ವೇತನ ಬೇಕು, ಮತ್ತು ಎಷ್ಟು ವರ್ಷ ದುಡಿದರೂ ಅದರಿಂದ ಕಾಯಂ ವಾಸದ ಹಕ್ಕು ಸಿಗುವುದಿಲ್ಲ. ಕಂಪನಿಗೆ ಅನುಕೂಲವೆಂದು ಎಚ್.ಆರ್. ಇದನ್ನೇ ಮುಂದಿಟ್ಟರೆ, "ಸ್ಕಿಲ್ಡ್ ವರ್ಕರ್ ಆಗದೇ?" ಎಂದು ಒಮ್ಮೆ ಕೇಳಿ. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಅಮೆರಿಕದ ಎಚ್‌-1ಬಿಯಲ್ಲಿ ನಮ್ಮವರಿಗೆ ತೊಡಕಾಗುವುದು ಅರ್ಜಿಗಳನ್ನು ಚೀಟಿ ಎತ್ತಿ ಆರಿಸುವ ಲಾಟರಿಗಿಂತ ಹೆಚ್ಚಾಗಿ ಕಾನೂನಿನ ಒಂದು ಷರತ್ತು. ನಿರ್ದಿಷ್ಟ ವಿಷಯದ ಪದವಿಯಿಲ್ಲದೆ ಈ ಹುದ್ದೆಯನ್ನು ನಿಭಾಯಿಸಲಾಗದು ಎಂದು ಕಂಪನಿ ತೋರಿಸಬೇಕು. ಭಾಷಣ ಬರೆಯುವವರಲ್ಲಿ ಸಾಹಿತ್ಯ ಓದಿದವರು, ಅರ್ಥಶಾಸ್ತ್ರದವರು, ವಕೀಲರು ಎಲ್ಲರೂ ಇದ್ದಾರೆ. ಅಧಿಕಾರಿ ಅದನ್ನೇ ಹಿಡಿದು ಪ್ರಶ್ನಿಸುತ್ತಾನೆ. ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಇರುವ ನಿಮಗೆ ಇಲ್ಲಿ ಸ್ವಲ್ಪ ಅನುಕೂಲವಿದೆ. ಆದರೆ ಹುದ್ದೆಯ ವಿವರಣೆಯಲ್ಲಿ "ಯಾವುದೇ ಪದವಿ" ಎಂದು ಬರೆದಿದ್ದರೆ ಆ ಅನುಕೂಲ ಅಲ್ಲಿಗೇ ಮುಗಿಯಿತು. ಇದರ ಮೇಲೆ 2025ರ ಸೆಪ್ಟೆಂಬರ್ 21ರ ನಂತರ, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂತು. ಭಾಷಣ ಬರೆಯುವವನಿಗಾಗಿ ಅಷ್ಟು ದುಡ್ಡು ಸುರಿಯುವ ಹಣಕಾಸು ಮುಖ್ಯಸ್ಥನನ್ನು ನಾನಂತೂ ಕಂಡಿಲ್ಲ. ಆಯ್ಕೆಯನ್ನೂ ವೇತನದ ಮಟ್ಟಕ್ಕೆ ತಕ್ಕಂತೆ ತೂಗುವ ನಿಯಮ 2026ರಿಂದ ಬಂದಿದೆ. ಎಲ್ಲಕ್ಕಿಂತ ಮೇಲಿನ, ಅಂದರೆ ನಾಲ್ಕನೇ ಮಟ್ಟದ ವೇತನದವರ ಹೆಸರು ನಾಲ್ಕು ಬಾರಿ, ಮೊದಲ ಮಟ್ಟದವರದು ಒಂದೇ ಬಾರಿ ಲಾಟರಿಗೆ ಹೋಗುತ್ತದೆ. ಎಲ್‌-1 ಎಂಬುದು ಒಂದೇ ಕಂಪನಿಯೊಳಗೆ ವರ್ಗವಾಗಿ ಹೋಗುವವರ ವೀಸಾ, ಅದಕ್ಕೆ ವಾರ್ಷಿಕ ಮಿತಿಯಿಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಒಂದು ವರ್ಷ ಸತತವಾಗಿ ಅದೇ ಸಮೂಹದ ಹೊರದೇಶದ ಕಚೇರಿಯಲ್ಲಿ ದುಡಿದಿರಬೇಕು. ಮತ್ತೆ ಜಿಸಿಸಿಯ ದಾರಿಗೇ ಬಂದೆವು.

ದುಬೈನಲ್ಲಿ ಕೆಲಸ ಸಿಗುವುದು ಸುಲಭ. ಭಾರತೀಯರ ಒಡೆತನದ ಸಮೂಹಗಳು ಅಲ್ಲಿ ಬಹಳಷ್ಟಿವೆ, ಅವುಗಳ ಅಧ್ಯಕ್ಷರಿಗೆ ಭಾಷಣಗಳೂ ಬಹಳಷ್ಟು ಬೇಕು. ವೀಸಾ ಮತ್ತು ನೇಮಕಾತಿಯ ಖರ್ಚನ್ನು ಉದ್ಯೋಗದಾತನೇ ಹೊರಬೇಕೆಂದು 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಪದವಿ ಪ್ರಮಾಣಪತ್ರದ ದೃಢೀಕರಣಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಎಂದು ಮೂರು ಮುದ್ರೆ ಬೇಕಾಗುವುದರಿಂದ ಆ ಕೆಲಸವನ್ನು ಆಫರ್ ಬರುವ ಮುಂಚೆಯೇ ಶುರು ಮಾಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೆಸರಿಲ್ಲದಿರುವುದು ನಿಮಗೊಬ್ಬರಿಗೇ ಬಂದ ಕಷ್ಟವಲ್ಲ, ಸಂದರ್ಶನ ಮಾಡುವವರೂ ಹೆಸರಿಲ್ಲದೆ ಬರೆದವರೇ. ಹಳೆಯ ಭಾಷಣಗಳ ಕಟ್ಟು ಹೊತ್ತುಕೊಂಡು ಹೋಗಬೇಡಿ. ಅದರಲ್ಲೂ ಪ್ರಕಟವಾಗದ ಕರಡುಗಳನ್ನು ಯಾರಿಗೂ ತೋರಿಸಬೇಡಿ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಫಲಿತಾಂಶದ ಹೇಳಿಕೆಯನ್ನು ನೀವು ಜಗತ್ತಿಗಿಂತ ಮುಂಚೆ ಓದಿರುತ್ತೀರಿ. ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಗಳ ಪ್ರಕಾರ ಅಂತಹ ಮಾಹಿತಿ ಯಾರ ಯಾರ ಕೈಗೆ ಹೋಯಿತು ಎಂಬ ದಾಖಲೆಯಲ್ಲಿ ನಿಮ್ಮ ಹೆಸರೂ ಇರುತ್ತದೆ. ಅಂಥದ್ದನ್ನು ತೋರಿಸಿದ ಅಭ್ಯರ್ಥಿಗಳನ್ನು ನಾನು ಆ ಕ್ಷಣವೇ ಪಟ್ಟಿಯಿಂದ ತೆಗೆದಿದ್ದೇನೆ. ನಾಳೆ ನಮ್ಮದನ್ನೂ ಇನ್ನೊಬ್ಬರಿಗೆ ತೋರಿಸುತ್ತಾರಲ್ಲ!

ಅದರ ಬದಲು ಎರಡು ವಸ್ತು ಸಿದ್ಧಮಾಡಿಕೊಳ್ಳಿ. ಮೊದಲನೆಯದು, ನಿಮ್ಮ ಎಂ.ಡಿ. ಅವರಿಂದ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ: ಯಾವ ಬಗೆಯ ಬರಹ, ಎಷ್ಟು ವರ್ಷದಿಂದ, ಯಾವ ಜವಾಬ್ದಾರಿ ಎಂಬ ವಿವರಗಳೊಡನೆ. ಹೊಗಳಿಕೆ ಬೇಡ, ಕರ್ತವ್ಯಗಳು ಬೇಕು. ವೀಸಾ ಕಡತಕ್ಕೂ ಅದೇ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ನೀವು ಕೆಲಸ ಕೇಳುತ್ತಿರುವ ಕಂಪನಿಯ ಮುಖ್ಯಸ್ಥರ ಮೂರು ಸಂದರ್ಶನಗಳನ್ನು ಯೂಟ್ಯೂಬ್‌ನಲ್ಲಿ ಕೇಳಿ, ಅವರ ದನಿಯಲ್ಲೇ ಒಂದು ಪುಟ ಬರೆದು ನೋಡಿ. ಲಿಖಿತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೊಡುವುದು ಅಹಿತಕರ ವಿಷಯವನ್ನೇ: ಒಂದು ಘಟಕ ಮುಚ್ಚುತ್ತಿದೆ, ನೌಕರರಿಗೆ ಪತ್ರ ಬರೆಯಿರಿ. ಅಲ್ಲಿ "ಹೊಸ ಪಯಣ", "ಉಜ್ವಲ ಭವಿಷ್ಯ" ಎಂದು ಬರೆದವನು ಸೋತ. ಯಾರ ಕೆಲಸ ಹೋಗುತ್ತದೆ, ಯಾವ ದಿನಾಂಕದಿಂದ, ಪರಿಹಾರ ಎಷ್ಟು, ಪ್ರಶ್ನೆಯಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಮೊದಲ ನಾಲ್ಕು ಸಾಲಿನಲ್ಲಿ ಹೇಳಿದವನು ಮುಂದಿನ ಸುತ್ತಿಗೆ ಹೋಗುತ್ತಾನೆ. ಸುದ್ದಿಮನೆಯಲ್ಲಿ ಇದ್ದವರಿಗೆ ಇದು ಕೈಗೆ ಬಂದ ವಿದ್ಯೆ.

ಕೊನೆಗೆ, ನೀವು ಕೇಳದ ಒಂದು ವಿಷಯ. ನಮ್ಮ ಕೆಲಸ ಒಬ್ಬ ವ್ಯಕ್ತಿಯನ್ನು ಅವಲಂಬಿಸಿರುತ್ತದೆ, ವೀಸಾ ಒಂದು ಕಂಪನಿಯನ್ನು. ಒಂದೇ ಗೂಟಕ್ಕೆ ಎರಡೂ ಹಗ್ಗ ಕಟ್ಟಿದ ಹಾಗೆ. ಸಿಇಒ ಬದಲಾದರೆ ಹೊಸಬರು ತಮ್ಮ ಬರಹಗಾರರನ್ನು ಕರೆತರುವುದು ಸಾಮಾನ್ಯ. ಕೆಲಸ ಹೋದರೆ ಅಮೆರಿಕದಲ್ಲಿ ಹೆಚ್ಚೆಂದರೆ 60 ದಿನ. ಬ್ರಿಟನ್‌ನಲ್ಲಿಯೂ ಗೃಹ ಇಲಾಖೆಯ ಪತ್ರ ಬಂದ ಮೇಲೆ ಸಾಮಾನ್ಯವಾಗಿ ಅಷ್ಟೇ ಅವಧಿ. ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲವೇ ಮಗುವನ್ನು ಶಾಲೆಯಿಂದ ಬಿಡಿಸಿ ಮರಳಬೇಕು. ಆದ್ದರಿಂದ ಸೇರುವಾಗಲೇ ನಿಮ್ಮ ಹುದ್ದೆಯನ್ನು "ಸಿಇಒ ಕಚೇರಿ"ಗೆ ಮಾತ್ರ ಕಟ್ಟದೆ, ಆಂತರಿಕ ಸಂವಹನ ಅಥವಾ ಹೂಡಿಕೆದಾರರ ಸಂಪರ್ಕದ ಜೊತೆಗೂ ಸೇರಿಸಿಕೊಳ್ಳಲು ಒತ್ತಾಯಿಸಿ.

ಪ್ರಶ್ನೆ (ಗದಗದಿಂದ)

ಅಕ್ಕಾ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮನಿಗೆ ಒಬ್ಬ ಏಜೆಂಟರು ಬ್ರಿಟನ್‌ನ ಕಂಪನಿಯೊಂದರಲ್ಲಿ "ಕಮ್ಯುನಿಕೇಷನ್ಸ್ ಆಫೀಸರ್" ಹುದ್ದೆ ಕೊಡಿಸುತ್ತೇನೆ, ಸ್ಪಾನ್ಸರ್‌ಷಿಪ್ ಸರ್ಟಿಫಿಕೇಟಿಗೆ ಒಂಬತ್ತು ಲಕ್ಷ ಕೊಡಿ ಎನ್ನುತ್ತಿದ್ದಾರೆ. ಮುದ್ರೆ ಹಾಕಿದ ಸರ್ಟಿಫಿಕೇಟಿನ ನಕಲನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಅಪ್ಪ ಹೊಲದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ.

ಉತ್ತರ

ಅಪ್ಪನವರನ್ನು ಇವತ್ತೇ ತಡೆಯಿರಿ. ಆ ಸರ್ಟಿಫಿಕೇಟು ಕಾಗದವೇ ಅಲ್ಲ. ಅದು ಬ್ರಿಟನ್ ಗೃಹ ಇಲಾಖೆಯ ವ್ಯವಸ್ಥೆಯಲ್ಲಿ ಕಂಪನಿ ತೆರೆಯುವ ಒಂದು ವಿದ್ಯುನ್ಮಾನ ದಾಖಲೆ, ಅಭ್ಯರ್ಥಿಗೆ ಬರುವುದು ಅದರ ಸಂಖ್ಯೆ ಮಾತ್ರ, ಮೂರು ತಿಂಗಳೊಳಗೆ ಅದನ್ನು ಬಳಸಿ ವೀಸಾಕ್ಕೆ ಅರ್ಜಿ ಹಾಕಬೇಕು. ಮುದ್ರೆ ಹೊಡೆದ ಹಾಳೆ ಕಳಿಸಿದ್ದಾರೆ ಎಂದರೆ ನನಗೆ ಅಲ್ಲಿಯೇ ವಾಸನೆ ಬರುತ್ತದೆ. ಅದಕ್ಕೆ ತಗಲುವ ಶುಲ್ಕವನ್ನಾಗಲಿ, ಕಂಪನಿ ಕಟ್ಟುವ ಕೌಶಲ ಶುಲ್ಕವನ್ನಾಗಲಿ ಸ್ಕಿಲ್ಡ್ ವರ್ಕರ್ ನೌಕರನಿಂದ ವಸೂಲಿ ಮಾಡುವಂತಿಲ್ಲ. ನೌಕರ ತನ್ನ ಕೈಯಿಂದ ಕಟ್ಟಬೇಕಾಗಬಹುದಾದದ್ದು ವೀಸಾ ಶುಲ್ಕ ಮತ್ತು ಆರೋಗ್ಯ ಶುಲ್ಕ. ಎರಡನೆಯದು ವಯಸ್ಕರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್, ಅದೂ ಇಡೀ ಅವಧಿಯದು ಒಟ್ಟಿಗೆ. ಕೆಲವು ಕಂಪನಿಗಳು ಅದನ್ನೂ ತಾವೇ ಕೊಡುತ್ತವೆ.

ಎರಡು ತಪಾಸಣೆ ಮಾಡಿ. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಪರವಾನಗಿ ಪಡೆದ ಸ್ಪಾನ್ಸರ್‌ಗಳ ಪಟ್ಟಿ ಎಲ್ಲರಿಗೂ ತೆರೆದಿದೆ, ಆ ಕಂಪನಿ ಅದರಲ್ಲಿದೆಯೇ? ಇದ್ದರೆ ಅದರ ಅಧಿಕೃತ ವಿಳಾಸಕ್ಕೆ ನೀವೇ ಇಮೇಲ್ ಬರೆದು ಹುದ್ದೆ ನಿಜವೇ ಎಂದು ಕೇಳಿ. ಏಜೆಂಟರು ಕೊಟ್ಟ ವಿಳಾಸಕ್ಕಲ್ಲ. ಹಾಗೆಯೇ ಏಜೆಂಟರ ನೋಂದಣಿ ಸಂಖ್ಯೆಯನ್ನು ನಮ್ಮ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಒಂಬತ್ತು ಲಕ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪ್ರತಿಕ್ರಿಯೆ (ಹುಬ್ಬಳ್ಳಿಯಿಂದ, ಎಚ್.ಆರ್. ಕ್ಷೇತ್ರದವರು)

ಮೇಡಂ, ಜರ್ಮನಿಯನ್ನು ಬಿಟ್ಟೇ ಬಿಟ್ಟಿರಲ್ಲ? ಅಲ್ಲಿನ ಪದವೀಧರರ ಉದ್ಯೋಗ ಪರವಾನಗಿಯಾದ ಬ್ಲೂ ಕಾರ್ಡ್‌ಗೆ 2026ರಲ್ಲಿ 50,700 ಯೂರೊ ವೇತನವಿದ್ದರೆ ಸಾಕು, ಲಾಟರಿಯಿಲ್ಲ. 27 ತಿಂಗಳಿಗೆ ಕಾಯಂ ವಾಸ, ಜರ್ಮನ್ ಬಿ1 ಮುಗಿಸಿದರೆ 21 ತಿಂಗಳಿಗೇ. ನಮ್ಮಲ್ಲಿಂದ ಇಂಜಿನಿಯರ್‌ಗಳು ಹೋಗುತ್ತಲೇ ಇದ್ದಾರೆ.

ಉತ್ತರ

ಸರ್, ನಿಯಮ ನೀವು ಹೇಳಿದ್ದು ಸರಿ. ಆದರೆ ಇಂಜಿನಿಯರ್‌ಗಳ ಲೆಕ್ಕ ನಮಗೆ ಹೊಂದುವುದಿಲ್ಲ. ಅಲ್ಲಿನ ಮುಖ್ಯಸ್ಥರು ನೌಕರರ ಸಭೆಯಲ್ಲಿ ಜರ್ಮನ್‌ನಲ್ಲಿ ಮಾತನಾಡುತ್ತಾರೆ, ನೌಕರರು ಆರಿಸಿದ ಕಾರ್ಮಿಕ ಪರಿಷತ್ತಿಗೆ ಬರೆಯುವುದೂ ಜರ್ಮನ್‌ನಲ್ಲೇ. ಇಂಗ್ಲಿಷ್ ಒಂದನ್ನೇ ನಂಬಿದ ಬರಹಗಾರನಿಗೆ ಅಲ್ಲಿ ಅರ್ಧ ಕೆಲಸವೂ ಉಳಿಯುವುದಿಲ್ಲ. ಧಾರವಾಡದ ತಮ್ಮನಿಗೆ ಜರ್ಮನ್ ಕಲಿಯುವ ತಾಳ್ಮೆ ಇದ್ದರೆ ನಿಮ್ಮ ಮಾತನ್ನು ಕೇಳಲಿ.

ಪ್ರಶ್ನೆ (ಹಾವೇರಿಯಿಂದ)

ಮಗಳಿಗೆ 23 ವರ್ಷ. ಬ್ರಿಟನ್‌ನಲ್ಲಿ ಕಮ್ಯುನಿಕೇಷನ್ಸ್ ಎಂ.ಎ. ಮಾಡಿ ಅಲ್ಲಿಯೇ ಕೆಲಸ ಹುಡುಕುತ್ತೇನೆ ಎನ್ನುತ್ತಾಳೆ. ಶಿಕ್ಷಣ ಸಾಲ ತೆಗೆಯುವುದು ಜಾಣತನವೇ?

ಉತ್ತರ

ಸರ್, ಅವಳಿಗೆ ವಯಸ್ಸಿನ ಅನುಕೂಲವಿದೆ. 26ರ ಒಳಗಿನವರಿಗೂ, ಅಲ್ಲೇ ಓದಿ ವೀಸಾ ಬದಲಿಸುವವರಿಗೂ ಸ್ಕಿಲ್ಡ್ ವರ್ಕರ್ ವೀಸಾದ ವೇತನ ಮಿತಿ 33,400 ಪೌಂಡ್‌ಗೆ ಇಳಿಯುತ್ತದೆ, ಹೆಚ್ಚೆಂದರೆ ನಾಲ್ಕು ವರ್ಷದವರೆಗೆ. ಆದರೆ ಓದಿನ ನಂತರ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. 23ರ ಹುಡುಗಿಯನ್ನು ಯಾವ ಸಿಇಒ ಕೂಡ ಮೊದಲ ದಿನವೇ ತನ್ನ ಭಾಷಣ ಬರೆಯಲು ಕೂರಿಸುವುದಿಲ್ಲ. ಪಿ.ಆರ್. ಸಂಸ್ಥೆಯಲ್ಲಿ ಕೆಳಗಿನಿಂದ ಶುರು ಮಾಡಬೇಕು. ಸಾಲದ ಕಂತನ್ನು ಇಲ್ಲಿನ ಸಂಬಳದಲ್ಲಿ ತೀರಿಸಲಾಗುತ್ತದೆಯೇ ಎಂದು ಲೆಕ್ಕ ಹಾಕಿ. ಆಗದಿದ್ದರೆ ನಾನು ಬೇಡ ಎನ್ನುತ್ತೇನೆ. ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು ಆಮೇಲೆ ಹೋದರೆ ಅವಳ ಎಂ.ಎ.ಗೂ ಬೆಲೆ ಹೆಚ್ಚುತ್ತದೆ.

ಪ್ರಶ್ನೆ (ಧಾರವಾಡದಿಂದ, ಮತ್ತೆ)

ಮೇಡಂ, ಬಹಳ ಉಪಕಾರವಾಯಿತು. ಒಂದೇ ಸಂಶಯ. ಆನ್‌ಲೈನ್ ಅರ್ಜಿಗಳಲ್ಲಿ "ಈಗ ಅಥವಾ ಮುಂದೆ ನಿಮಗೆ ವೀಸಾ ಪ್ರಾಯೋಜನೆ ಬೇಕೇ?" ಎಂಬ ಪ್ರಶ್ನೆ ಇರುತ್ತದೆ. ಹೌದು ಎಂದರೆ ಅಲ್ಲಿಗೇ ತಿರಸ್ಕಾರ ಬರುತ್ತದೆ. ಗೆಳೆಯರು "ಇಲ್ಲ ಎಂದು ಹಾಕು, ಆಫರ್ ಬಂದ ಮೇಲೆ ಹೇಳು" ಎನ್ನುತ್ತಾರೆ.

ಉತ್ತರ

ಹೌದು ಎಂದೇ ಹಾಕಿ. ಆಫರ್ ಬಂದ ಮೇಲೆ ನಿಮ್ಮ ದಾಖಲೆ ಪರಿಶೀಲಿಸುವಾಗ ಸುಳ್ಳು ಹೊರಬರುತ್ತದೆ, ಆಫರ್ ಹಿಂದಕ್ಕೆ ಹೋಗುತ್ತದೆ, ಆ ಕಂಪನಿಯ ಕಡತದಲ್ಲಿ ನಿಮ್ಮ ಹೆಸರಿನ ಮುಂದೆ ಟಿಪ್ಪಣಿ ಉಳಿಯುತ್ತದೆ. ಮುಖ್ಯಸ್ಥರ ಗುಟ್ಟುಗಳನ್ನು ಕಾಯುವ ಹುದ್ದೆಗೆ ಅರ್ಜಿ ಹಾಕುತ್ತಿದ್ದೀರಿ ಎನ್ನುವುದನ್ನು ಗೆಳೆಯರಿಗೆ ನೆನಪಿಸಿ. ತಿರಸ್ಕಾರ ಬರುವ ಕಡೆ ಬರಲಿ. ಸ್ಪಾನ್ಸರ್ ಪಟ್ಟಿಯಲ್ಲಿದ್ದು, ಬೆಂಗಳೂರಿನಲ್ಲೂ ಕಚೇರಿಯಿರುವ ಕಂಪನಿಗಳ ಹೆಸರನ್ನು ಮೊದಲು ಬೇರೆ ಬರೆದುಕೊಳ್ಳಿ. ಆ ಪಟ್ಟಿಯನ್ನು ಇಲ್ಲಿ ಹಾಕಿದರೆ, ನನಗೆ ಗೊತ್ತಿರುವ ಕಡೆ ಯಾರನ್ನು ಸಂಪರ್ಕಿಸಬಹುದೆಂದು ತಿಳಿಸುತ್ತೇನೆ.